ಕೊಳ್ಳೋದು ಬಿಟ್ಟವರ ಮನೆಗೆ ಹೋದ ಸುಕನ್ಯ

ಬಿಳಿಕೆರೆಯ ಸುಕನ್ಯಳ ಹಿಟ್ಟಿನ ಪ್ಯಾಕೆಟ್ಟುಗಳು ಊರಿನ ಅಂಗಡಿಗಳಲ್ಲಿ ಕೂತಲ್ಲೇ ಕೂತಿದ್ದವು. ಬೇಸಿಗೆಯಲ್ಲಿ ಹಾಗಿರಲಿಲ್ಲ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಅವಳು ಮಾಡುತ್ತಿದ್ದ ಸರಿ ಹಿಟ್ಟನ್ನು ಎಳೆ ಮಕ್ಕಳಿದ್ದ ಮನೆಯವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಸಣ್ಣ ಮಿಲ್ಲೊಂದನ್ನೂ ಹಾಕಿಸಿದ್ದಳು. ಮದುವೆಯಾಗಿ ಬಂದ ಮೇಲೆ ಇದು ನನ್ನದು ಅಂತ ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ. ಮಳೆ ಹಿಡಿದದ್ದೇ ತಡ, ಜನ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು.

ದೃಷ್ಟಿ ತಾಕಿದೆ ಅಂದುಕೊಂಡಳು. ಅಮಾವಾಸ್ಯೆಗೆ ಬೂದುಗುಂಬಳಕಾಯಿ ನಿವಾಳಿಸಿ ಒಡೆದದ್ದಾಯ್ತು, ಮಿಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಯ್ತು. ಎದುರು ಮನೆಯವಳ ಕಣ್ಣು ಸರಿಯಿಲ್ಲ ಅಂತ ಅವಳ ಹತ್ತಿರ ಮಾತೂ ಬಿಟ್ಟಳು. ಪಾಪ, ಆ ಹೆಂಗಸಿಗೆ ಇದೊಂದೂ ಗೊತ್ತಿಲ್ಲ. ದೇವರಿಗೆ ಕೈ ಮುಗಿಯಿರಿ, ಬೇಡ ಅನ್ನುವವರು ಯಾರು? ಆದರೆ ಹಿಟ್ಟು ಯಾಕೆ ಹೋಗುತ್ತಿಲ್ಲ ಅಂತ ಅದನ್ನು ತಿಂದವರನ್ನಲ್ಲವೇ ಕೇಳಬೇಕು? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದಳು.

ಗಂಡ ಮಹೇಂದ್ರನಿಗೆ ಈ ಕೆಲಸ ಮೊದಲಿಂದಲೂ ಹಿಡಿಸಿರಲಿಲ್ಲ. ಜಮೀನಿರುವ ಮನೆಯವರು ಹಿಟ್ಟು ಮಾರುವುದೇನು ಅಂತ ಅವನ ವಾದ. ಹೊಸ ಅಗ್ರಹಾರದವರೊಬ್ಬರು ಮಿಲ್ಲು ಕೊಳ್ಳಲು ಒಪ್ಪಿದ್ದಾರೆ, ಸೋಮವಾರ ಬಂದು ಒಯ್ಯುತ್ತಾರೆ ಅಂದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

“ನಿನ್ ಕೈಲಿ ಆಗಕ್ಕಿಲ್ಲ, ಬುಟ್ಬುಡು,” ಅಂದುಬಿಟ್ಟ.

ಆ ಮಾತು ಅವಳ ಎದೆಗೆ ನಾಟಿತು. ಅವಳಿಗೂ ಒಳಗೊಳಗೆ ಹಾಗೇ ಅನ್ನಿಸತೊಡಗಿತ್ತು.

ಆ ವಾರ ಮಹಿಳಾ ಸಂಘದ ಗೆಳತಿ ಪ್ರಮೀಳಾ ಮನೆಗೆ ಬಂದಳು. ಹುಣಸೂರಿನಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರುವವಳು, ಆ ಕಸುಬಿನಲ್ಲಿ ಬಿದ್ದು ಎದ್ದವಳು. ದೃಷ್ಟಿಯ ಕಥೆಯನ್ನೆಲ್ಲ ಕೇಳಿಸಿಕೊಂಡ ಮೇಲೆ, “ಕೊಳ್ಳೋದ್ ಬುಟ್ಟೋರ್ನ ಯಾಕ್ ಬುಟ್ರಿ ಅಂತ ಒಬ್ರನ್ನಾದ್ರೂ ಕೇಳಿದ್ದೀಯಾ?” ಅಂದಳು.

ಸುಕನ್ಯ ಒಬ್ಬರನ್ನೂ ಕೇಳಿರಲಿಲ್ಲ. ಹಾಗೆ ಕೇಳಲು ಹೋದರೆ ತಿರುಪೆಗೆ ಬಂದಳು ಅಂದಾರು ಅನ್ನುವ ನಾಚಿಕೆ ಅವಳಿಗೆ.

“ಮಗೀಗೆ ಉಣ್ಸೋದು ನಿನ್ ಕೈ ಹಿಟ್ನ. ಎಂಗಿತ್ತು ಅಂತ ಕೇಳದೂ ನಿನ್ ಕೆಲ್ಸವೇ ಕಣೆ,” ಅಂತ ಪ್ರಮೀಳಾ ಅವಳನ್ನು ಎಬ್ಬಿಸಿಕೊಂಡು ಹೊರಟಳು.

ಮೊದಲ ಮನೆಯಲ್ಲಿ ಕಾಫಿ ಕೊಟ್ಟರು, ಹಿಟ್ಟು ಬಲು ಚೆನ್ನಾಗಿತ್ತು ಅಂದರು. ಸುಕನ್ಯಳ ಮುಖ ಅರಳಿತು. ಪ್ರಮೀಳಾಳದ್ದು ಅರಳಲಿಲ್ಲ. ನಮ್ಮ ಕಡೆಯವರ ಬುದ್ಧಿಯೇ ಹೀಗೆ, ಮುಖಕ್ಕೆ ಕುಂದು ಹೇಳುವುದಿಲ್ಲ. ಸುಮ್ಮನೆ ಕೊಳ್ಳುವುದು ಬಿಡುತ್ತಾರೆ.

ಮೊಮ್ಮಗುವಿಗೆಂದು ಹಿಟ್ಟು ಒಯ್ಯುತ್ತಿದ್ದ ಬಸವಮ್ಮನೂ ಚೆನ್ನಾಗಿತ್ತು ಅಂತಲೇ ಶುರು ಮಾಡಿದರು. ಇರುವ ಕೊರತೆ ಹೇಳದಿದ್ದರೆ ಇವಳ ಮಿಲ್ಲು ಮಾರಿಹೋಗುತ್ತದೆ ಅಂತ ಪ್ರಮೀಳಾ ಬಿಡಿಸಿ ಹೇಳಿದಳು. ಬಸವಮ್ಮ ಒಳಗೆ ಹೋಗಿ, ಒಡೆಯದೇ ಇಟ್ಟಿದ್ದ ಪ್ಯಾಕೆಟ್ಟೊಂದನ್ನು ತಂದು ಸುಕನ್ಯಳ ಮುಂದೆಯೇ ಕತ್ತರಿಸಿದರು.

“ನೀನೇ ಮೂಸ್ನೋಡವ್ವ. ಬಾಯಿಗಿಟ್ರೆ ಮಗ ಉಗೀತದೆ.”

ಮುಗ್ಗಲು ವಾಸನೆ. ನೀವು ತೇವದಲ್ಲಿ ಇಟ್ಟಿರಬೇಕು ಅನ್ನುವ ಮಾತು ಸುಕನ್ಯಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಬಿಸಿಲಿಲ್ಲದ ದಿನಗಳಲ್ಲಿ ಅರೆಬರೆ ಒಣಗಿದ ರಾಗಿಯನ್ನು ಅವಸರಕ್ಕೆ ಹುರಿದು, ಹಿಟ್ಟು ಆರುವ ಮೊದಲೇ ಕವರಿಗೆ ತುಂಬಿ ಬಾಯಿ ಅಂಟಿಸಿದ್ದವಳು ತಾನೇ. ಇದನ್ನು ಹಸುಗೂಸುಗಳಿಗೆ ಕೊಟ್ಟೆನಲ್ಲ! ತಪ್ಪಾಯ್ತು ಅಂತ ಬಸವಮ್ಮನ ಕೈ ಹಿಡಿದುಕೊಂಡಳು.

ಅಂಗಡಿಗಳಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲ ವಾಪಸ್ಸು ತಂದು ಗುಂಡಿಗೆ ಸುರಿದು ಮಣ್ಣೆಳೆದಳು. ಮಹೇಂದ್ರ ಬಾಯಿ ಬಿಟ್ಟುಕೊಂಡು ನೋಡಿದ.

“ಯಾರ್ ಕಣ್ಣೂ ಅಲ್ಲ ಕಣ್ರೀ, ನನ್ ಕೈ ತಪ್ಪು,” ಅಂದಳು. “ನಂದೇ ತಪ್ಪಾದ್ರೆ ನಾನೇ ತಿದ್ಬೋದು. ಮಿಲ್ ಕೊಡಕ್ಕಿಲ್ಲ.”

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಈ ಸೋಮವಾರ ಬೇಡ, ಆಮೇಲೆ ಹೇಳುತ್ತೇನೆ ಅಂತ ಹೊಸ ಅಗ್ರಹಾರಕ್ಕೆ ಫೋನು ಮಾಡಿದ.

ಅಲ್ಲಿಂದಾಚೆಗೆ ಸುಕನ್ಯ ಕೊಂಚ ಕೊಂಚವೇ ಮಾಡತೊಡಗಿದಳು. ಕಾಳು ಹಲ್ಲಿಗಿಟ್ಟರೆ ಕಟಕ್ಕೆನ್ನುವ ತನಕ ಒಲೆ ಪಕ್ಕ ಒಣಗಿಸಿದಳು. ಬೀಸಿದ ಹಿಟ್ಟನ್ನು ಬಟ್ಟೆ ಮೇಲೆ ಹರಡಿ, ಪೂರಾ ಆರಿದ ಮೇಲೇ ತುಂಬಿದಳು. ಮೊದಲ ಪ್ಯಾಕೆಟ್ಟು ಬಸವಮ್ಮನ ಮನೆಗೆ ಹೋಯಿತು. ಮಗು ಉಗಿಯಲಿಲ್ಲ. ಬಿಟ್ಟುಹೋದವರೆಲ್ಲ ತಿರುಗಿ ಬರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಬಂದವರು ನಿಂತರು.

ಒಂದು ದಿನ ಸುಕನ್ಯ ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹೊರಗೆ ಮಹೇಂದ್ರ ಗಿರಾಕಿಯೊಬ್ಬರಿಗೆ ಹೇಳುವುದು ಕೇಳಿಸಿತು: “ಓದ್ಸತಿ ಹಿಟ್ ಎಂಗಿತ್ರವ್ವ? ಬೇಜಾರಾಯ್ತದೆ ಅನ್ಕೊಬ್ಯಾಡಿ, ನಿಜ ಯೋಳಿ.” ಮಿಲ್ಲು ಮಾರುವ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಹೊಲಿಗೆ ಮಿಷನ್ನು ಇಟ್ಟಿರಬಹುದು, ಕೋಳಿ ಸಾಕಿರಬಹುದು, ಸಣ್ಣ ಹೋಟೆಲ್ಲು ತೆರೆದಿರಬಹುದು. ವ್ಯಾಪಾರ ಇಳಿದರೆ ಹಣೆಬರಹ ಅಂತ ಕೈ ಚೆಲ್ಲಬೇಡಿ, ಪಕ್ಕದ ಮನೆಯವರನ್ನು ದೂರಬೇಡಿ. ನಿಮ್ಮ ಹತ್ತಿರ ಕೊಳ್ಳುವುದು ಬಿಟ್ಟವರೊಬ್ಬರ ಮನೆಗೆ ಇವತ್ತೇ ಹೋಗಿ. ಅವರು ಹೊಗಳಿದರೆ ಎದ್ದು ಬರಬೇಡಿ. ಕುಂದು ಹೇಳುವ ತನಕ ಕೂತಿರಿ.