ಗೆರಟೆ ರಾಣಿಯ ಬಾಡಿ

ಮಂಡೆಕೋಲಿನ ಬೋಜಪ್ಪ ಗೌಡರ ಸೊಸೆ ಸೇವಂತಿಗೆ ತವರಿನಿಂದ ತಂದ ಹೊಲಿಗೆ ಮೆಶಿನ್ ಎಂದರೆ ಜೀವ. ಅದರಲ್ಲಿ ಅವಳು ಎಲ್ಲರೆದುರು ಹೊಲಿಯುತ್ತಿದ್ದದ್ದು ರವಿಕೆ, ಕದ್ದು ಹೊಲಿಯುತ್ತಿದ್ದದ್ದು ಬಾಡಿ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ರವಿಕೆಯ ಒಳಗೆ ಹಾಕುವ ಆ ಹೊಸ ಉಡುಪಿಗೆ ಹೆಂಗಸರು ಪಿಸುಮಾತಿನಲ್ಲಿ ಹೇಳುತ್ತಿದ್ದ ಹೆಸರು ಅದು. ಅತ್ತೆ ದುಗ್ಗಮ್ಮನಿಗೆ ಆ ಹೆಸರು ಕೇಳಿದರೇ ಮೈಯೆಲ್ಲ ಉರಿ.

“ಅದಿಲ್ಲದೆ ನಾವೆಲ್ಲ ಮಕ್ಕಳನ್ನು ಸಾಕ್ಲಿಲ್ವಾ? ಈ ಮನೆಯಲ್ಲಿ ಅದನ್ನು ಹೊಲಿದದ್ದು ಕಂಡರೆ ಮೆಶಿನ್ ಸೀದಾ ನಿನ್ನ ಅಪ್ಪನ ಮನೆಗೆ!”

ದುಗ್ಗಮ್ಮ ಹೇಳಿದ್ದನ್ನು ಮಾಡಿಯೇ ಬಿಡುವ ಹೆಂಗಸು.

ಹೀಗಿರುವಾಗ ಸೇವಂತಿಯ ಗಂಡ ತೀರ್ಥರಾಮನಿಗೆ ಗ್ರಹಚಾರ ವಕ್ಕರಿಸಿತು. ಸುಳ್ಯದ ಯುವಕರ ನಾಟಕದಲ್ಲಿ ಹೆಣ್ಣುವೇಷ ಅವನದ್ದೇ. ಆಗ ಹೆಂಗಸರು ರಂಗ ಹತ್ತುವುದುಂಟೇ, ಶಿವ ಶಿವಾ! ಕಳೆದ ವರ್ಷ ಎದೆಗೆ ಕಟ್ಟಿದ್ದ ಗೆರಟೆಗಳಲ್ಲಿ, ಅಂದರೆ ತೆಂಗಿನ ಚಿಪ್ಪುಗಳಲ್ಲಿ, ಒಂದು, ರಾಣಿ ಗೊಳೋ ಎಂದು ಅಳುತ್ತಿರುವಾಗಲೇ, ಸೊಂಟಕ್ಕೆ ಇಳಿದಿತ್ತು. ಅಂದಿನಿಂದ ಅವನು ಪೇಟೆಯವರ ಬಾಯಲ್ಲಿ ‘ಗೆರಟೆ ರಾಣಿ’. ಪಾಪ, ಹೋಟೆಲಿಗೆ ಚಹಾ ಕುಡಿಯಲು ಹೋಗುವುದನ್ನೂ ಬಿಟ್ಟಿದ್ದ. ಈ ವರ್ಷದ್ದು ಇನ್ನೂ ಚಂದ: ನಾಟಕದ ಮಾಸ್ತರರು ಯಾವುದೋ ಕ್ಯಾಲೆಂಡರ್ ನೋಡಿ, ರಾಜಕುಮಾರಿಯ ಹೆಗಲು ಬರಿದಾಗಿಯೇ ಇರಬೇಕೆಂದು ಹಟ ಹಿಡಿದಿದ್ದರು.

“ಈ ಸಲವೂ ಜಾರಿದರೆ ನಾನು ಊರು ಬಿಡುದೇ,” ಎಂದು ತೀರ್ಥರಾಮ ಜಗಲಿಯಲ್ಲಿ ತಲೆಗೆ ಕೈಹೊತ್ತು ಕೂತ. “ಹೆಗಲ ಪಟ್ಟಿ ಇಲ್ಲದೆ ನಿಲ್ಲುವ ಬಾಡಿ ಮಾಡುವವರು ಎಲ್ಲಿಯಾದರೂ ಉಂಟಾ?”

ಬೋಜಪ್ಪ ಗೌಡರಿಗೆ ಗೊತ್ತಿದ್ದ ಬಾಡಿ ಬಸ್ಸಿನದೊಂದೇ. “ಪುತ್ತೂರಲ್ಲಿ ಕಟ್ತಾರೆ ಮಾರಾಯ,” ಎಂದರು. “ಬಸ್ಸು ಯಾರದ್ದು?”

ಸೇವಂತಿಗೆ ನಗು ತಡೆಯಲಾಗಲಿಲ್ಲ. ಆದರೆ ಗಂಡನ ಮುಖ ನೋಡಿ ಕರುಳು ಚುರುಕ್ ಎಂದಿತು. ಹೊಲಿದರೆ ಮೆಶಿನ್ ಹೋಗುತ್ತದೆ, ಹೊಲಿಯದಿದ್ದರೆ ಇವರ ಮಾನ ಹೋಗುತ್ತದೆ. ಏನಾದರೂ ಆಗಲಿ ಎಂದು ಅವನನ್ನು ಕೋಣೆಗೆ ಕರೆದು ಟೇಪು ತೆಗೆದಳು.

“ಕೈ ಎತ್ತಿ. ಕಚಗುಳಿ ಅಂತ ಕುಣಿಯಬೇಡಿ!”

ಬಾಡಿಯನ್ನು ಹಿಡಿದು ನಿಲ್ಲಿಸುವುದು ಹೆಗಲಲ್ಲ, ಎದೆಯ ಕೆಳಗಿನ ಪಟ್ಟಿ ಎಂಬುದು ಅವಳಿಗೆ ಗೊತ್ತಿತ್ತು. ಆ ಪಟ್ಟಿಯನ್ನು ಅಳತೆಗಿಂತ ತುಸು ಗಿಡ್ಡ ಕತ್ತರಿಸಿ ಬೆನ್ನಿಗೆ ಕೊಕ್ಕೆ ಇಟ್ಟಳು. ದಪ್ಪ ಬಟ್ಟೆಯ ತುಂಡುಗಳನ್ನು ಬಾಗಿಸಿ ಜೋಡಿಸಿ, ಒಳಗೆ ಬೂರುಗದ ಹತ್ತಿ ತುಂಬಿದಳು. ಪಕ್ಕಗಳು ಮಡಚದಂತೆ ಬೆತ್ತದ ಸೀಳು ತೂರಿಸಿದಳು. ಇಷ್ಟೆಲ್ಲ ಆದ ಮೇಲೂ, ತೀರ್ಥರಾಮ ಕುಣಿದು ನೋಡಿದಾಗ ಬೆವರಿಗೆ ಅದು ಜಾರಿತು. ಸೇವಂತಿ ಸೈಕಲಿನ ಹಳೆ ಟ್ಯೂಬ್ ಸೀಳಿ ಪಟ್ಟಿಯ ಒಳಮೈಗೆ ಹೊಲಿದಳು. ರಬ್ಬರು ಮೈಯನ್ನು ಕಚ್ಚಿ ಹಿಡಿಯಿತು.

“ಈಗ ಹಾರಿ!”

ಹಾರಿದ. ಬಾಡಿ ಮಿಸುಕಲಿಲ್ಲ. ಆದರೆ ಬಾಗಿಲಲ್ಲಿ ದುಗ್ಗಮ್ಮ! ಮಗನ ಎದೆ ನೋಡಿದರು, ಮೆಶಿನ್ ನೋಡಿದರು.

“ನಾಟಕ ಮುಗಿಯಲಿ, ಮತ್ತೆ ನೋಡುವ,” ಎಂದು ಹೊರಟುಹೋದರು.

ನಾಟಕದ ದಿನ ಸೇವಂತಿ ಅತ್ತೆಯ ಪಕ್ಕದಲ್ಲಿ ಉಸಿರು ಹಿಡಿದು ಕೂತಳು. ಪಡ್ಡೆ ಹುಡುಗರು “ಗೆರಟೆ! ಗೆರಟೆ!” ಎಂದು ಬೊಬ್ಬೆ ಹಾಕಿದರು. ರಾಕ್ಷಸ ರಾಜಕುಮಾರಿಯನ್ನು ರಂಗವಿಡೀ ಎಳೆದಾಡಿದ. ಅವಳು ಕೊಸರಿದಳು, ಬಿದ್ದಳು, ಎದ್ದು ಎರಡೂ ಕೈ ಮೇಲೆತ್ತಿ ದೇವರನ್ನು ಕರೆದಳು. ಏನೂ ಜಾರಲಿಲ್ಲ. ಬೊಬ್ಬೆ ನಿಂತಿತು. ಹಿಂದೆ ಯಾರೋ ಮೂಗು ಸೀಟಿದರು. ದುಗ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಮೆಶಿನ್ ಇದ್ದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಹೋಯಿತು ನನ್ನ ಮೆಶಿನ್, ಎಂದುಕೊಂಡಳು ಸೇವಂತಿ. ಅವಳಿಗೆ ಅಳುವೇ ಬಂತು.

“ಎಂತದೂ ಇಲ್ಲದ ಗಂಡಸಿನ ಮೈಯಲ್ಲೇ ಅದು ನಿಂತಿತು,” ದುಗ್ಗಮ್ಮ ಗೋಡೆ ನೋಡುತ್ತ ಪಿಸುಗುಟ್ಟಿದರು. “ನನ್ನಲ್ಲಿ ನಿಲ್ಲುದಿಲ್ವಾ? ಟೇಪು ತೆಗಿ. ನನ್ನದಕ್ಕೆ ಹೆಗಲ ಪಟ್ಟಿ ಇರಲಿ, ಆಯ್ತಾ?”

ಬಾಗಿಲಾಚೆ ಬೋಜಪ್ಪ ಗೌಡರಿಗೆ ಕುತೂಹಲ ತಡೆಯಲಿಲ್ಲ. “ಒಳಗೆ ಎಂತದರ ಅಳತೆ ಮಾರಾಯ್ತಿ?”

“ಬಾಡಿಯದ್ದು!”

“ಅಯ್ಯೋ, ನಮಗೆ ಬಸ್ಸು ಎಲ್ಲಿಂದ ಬಂತು?”

“ಆಲಂಕಾರಿನ ನನ್ನ ಅಪ್ಪನ ಮನೆಯಿಂದ,” ಎಂದರು ದುಗ್ಗಮ್ಮ, ಕೈ ಎತ್ತಿ ನಿಂತುಕೊಂಡೇ. “ನೀವೇ ದಿಬ್ಬಣ ಬಂದು ಕರ್ಕೊಂಡು ಬಂದದ್ದಲ್ವಾ!”