ಅತ್ತೆ ನಿಂತಲ್ಲಿ ಗೂಟ

೨೦೧೯ರ ಮೇ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಏಳು ಐವತ್ತಕ್ಕೆ ಗಣಿ ಕಂಪನಿಯ ಜೀಪಿನಿಂದ ಕೆಲ್ವಿನ್ ಇಳಿದ. ಹಿಂದಿನ ಜೀಪಿನಲ್ಲಿದ್ದ ಮೇವಿಸಜ್ಜಿ ಅವನ ಟೋಪಿ ಕಂಡದ್ದೇ ಮುಖ ತಿರುಗಿಸಿ, ತಲೆಗೆ ಕಟ್ಟಿದ್ದ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಕೆಲ್ವಿನ್‌ಗೂ ತಿಳಿಯಿತು. ಬಾಗಿಲು ಹಾಕುವುದನ್ನೂ ಮರೆತು ಜೀಪಿನ ಆಚೆ ಮಗ್ಗುಲಿಗೆ ಸರಿದು ನಿಂತ.

ಅಜ್ಜಿಯನ್ನು ಕರೆತಂದಿದ್ದ ರೋಸ್ಲಿನ್ ಸ್ಟೀರಿಂಗಿಗೆ ಹಣೆ ಹಚ್ಚಿದಳು. ಕೆಲ್ವಿನ್ ಅಜ್ಜಿಯ ಹಿರಿಮಗಳ ಗಂಡ. ಅವರ ಜನರಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಮಾತಾಡುವುದಿಲ್ಲ, ಒಂದೇ ನೆರಳಲ್ಲಿ ಕೂರುವುದಿಲ್ಲ. ಇದು ಜಗಳವಲ್ಲ, ಮರ್ಯಾದೆ. ಈ ಹಳ್ಳದ ಕುರಿತು ಮಾತಾಡುವ ಹಕ್ಕಿರುವುದು ಅಜ್ಜಿಗೊಬ್ಬಳಿಗೆ. ಹಿಂದಿನವರು ಹುಲ್ಲಿನ ಬೀಜ ಅರೆದ ಕಲ್ಲುಗಳು ಎಲ್ಲಿಂದ ಎಲ್ಲಿವರೆಗೆ ಇವೆ ಎಂದು ಅವಳು ನಡೆದು ತೋರಿಸಬೇಕು. ಅವಳು ತೋರಿಸಿದ್ದು ಉಳಿಯುತ್ತದೆ, ಮಿಕ್ಕದ್ದನ್ನು ಕಂಪನಿ ಕಬ್ಬಿಣದ ಅದಿರಿಗಾಗಿ ಸಿಡಿಸುತ್ತದೆ.

"ಅಳಿಯ ನೋಡು," ಅಂದಳು ಅಜ್ಜಿ ಕಿಟಕಿಯತ್ತ ಮುಖ ಮಾಡಿಯೇ. "ಮೂವತ್ತು ವರ್ಷ ನನ್ನ ಕಣ್ಣಿಗೆ ಬೀಳದೆ ಬಾಳಿದ. ಒಳ್ಳೆಯವನು. ಇವತ್ತೇ ಕಾಣಿಸ್ಕೋಬೇಕಿತ್ತಾ?"

ರೋಸ್ಲಿನ್ ಓದಿದ್ದು ಭೂವಿಜ್ಞಾನ, ದುಡಿಯುತ್ತಿದ್ದದ್ದು ಮೂಲನಿವಾಸಿಗಳ ಭೂಹಕ್ಕಿನ ಸಂಘದಲ್ಲಿ. ಕಂಪನಿಯ ಅಧಿಕಾರಿ ಫಿಯೋನಾಳಿಗೆ ಅವಳು ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳಿದಳು. ಫಿಯೋನಾ ಒರಟಿಯಲ್ಲ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಕೆಲ್ವಿನ್‌ನನ್ನು ಮೂಲನಿವಾಸಿಗಳ ಪರ ಸಾಕ್ಷಿಯಾಗಿ ನೇಮಿಸಿ ಒಂದು ವಾರವಷ್ಟೇ ಆಗಿದೆ, ಅವನಿಲ್ಲದೆ ಕಾನೂನು ಕೇಳುವ ಸಮಾಲೋಚನೆ ನಡೆದಂತೆ ಆಗುವುದಿಲ್ಲ ಅಂದಳು. "ನಿಮ್ಮ ಜನರಲ್ಲಿ ಒಬ್ಬರು ಜೊತೆಗಿರಲೇಬೇಕು ಅಂತ ಹಟ ಹಿಡಿದಿದ್ದು ನಿಮ್ಮ ಸಂಘವೇ ಅಲ್ವಾ?"

ಅದೂ ನಿಜವೇ. ರೋಸ್ಲಿನ್‌ಗೆ ಸಿಟ್ಟು ನೆತ್ತಿಗೇರಿದರೂ ಅದನ್ನು ಯಾರ ಮೇಲೆ ಇಳಿಸಬೇಕೆಂದು ತೋಚಲಿಲ್ಲ.

ಕೊನೆಗೆ ಒಂದು ದಾರಿ ಕಂಡಿತು. ಕೆಲ್ವಿನ್ ಹಳ್ಳದಾಚೆಯ ದಿಬ್ಬ ದಾಟಿ ಹೋಗಿ ಕೂರುವುದು, ಅಜ್ಜಿ ತೋರಿಸಿದ್ದನ್ನೆಲ್ಲ ರೋಸ್ಲಿನ್ ವೈರ್‌ಲೆಸ್ಸಿನಲ್ಲಿ ಅವನಿಗೆ ಒಪ್ಪಿಸುವುದು. ಅಜ್ಜಿ ಕೋಲೂರಿಕೊಂಡು ಹೊರಟಳು. ಮೊದಲ ಕಲ್ಲಿನ ಗುಳಿಯಲ್ಲಿ ಅಂಗೈ ಇಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಹಳ್ಳ ಇಳಿದಳು, ನೀರಿನ ಒರತೆ ದಾಟಿದಳು, ಆಚೆ ಇಳಿಜಾರು ಹತ್ತತೊಡಗಿದಳು. ಅವಳ ಹಿಂದೆ ಕಂಪನಿಯ ಅಳತೆಗಾರ ಗಡಿ ಗುರುತಿಸುವ ಬಿಳಿ ಗೂಟಗಳ ಕಟ್ಟು ಹೊತ್ತು ಬರುತ್ತಿದ್ದ.

ಅರ್ಧ ಏರಿನಲ್ಲಿ ಅಜ್ಜಿ ತಟ್ಟನೆ ನಿಂತಳು. ಬಟ್ಟೆಯನ್ನು ಕಣ್ಣಿಗೆ ಎಳೆದುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದಳು.

ರೋಸ್ಲಿನ್ ತಲೆಯೆತ್ತಿ ನೋಡಿದಳು. ಮೇಲೆ ಬಿಳಿ ತೊಗಟೆಯ ನೀಲಗಿರಿ ಮರದ ಬುಡದಲ್ಲಿ ಟೋಪಿ. ದಿಬ್ಬದ ಆಚೆ ವೈರ್‌ಲೆಸ್ ಹಿಡಿಯುವುದಿಲ್ಲವೆಂದು ಕೆಲ್ವಿನ್ ಈಚೆಗೆ ಹತ್ತಿ ಬಂದು ಕೂತಿದ್ದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಸುತ್ತಿಗೆಯ ಸದ್ದಾಯಿತು. ಅಜ್ಜಿ ನಿಂತಿದ್ದಲ್ಲಿ ಅಳತೆಗಾರ ಗೂಟ ಹೊಡೆದಿದ್ದ.

"ಅದು ಗಡಿಯಲ್ಲ, ಫಿಯೋನಾ. ಅಳಿಯ ಕಂಡ ಅಂತ ತಿರುಗಿದ್ದು."

"ಅವರು ನಿಂತಿದ್ದನ್ನೂ ತಿರುಗಿದ್ದನ್ನೂ ನಾನೇ ಕಣ್ಣಾರೆ ನೋಡಿದೆ. ಸರಿ, ಅವರನ್ನ ಇನ್ನೊಂದು ಸಲ ಕರೆದುಕೊಂಡು ಬನ್ನಿ, ಕಾಯ್ತೀನಿ."

ಜೀಪಿನಲ್ಲಿ ಅಜ್ಜಿ ಮಂಡಿ ಉಜ್ಜಿಕೊಳ್ಳುತ್ತಿದ್ದಳು. ಅವನ ಕಣ್ಣು ಬಿದ್ದ ನೆಲಕ್ಕೆ ಇವತ್ತು ಕಾಲಿಡುವುದಿಲ್ಲ, ನಾಳೆ ಖಂಡಿತ ಬರುತ್ತೇನೆ ಅಂದಳು. ಆಮೇಲೆ ದನಿ ತಗ್ಗಿಸಿ, "ಕೊನೇ ಕಲ್ಲು ಆ ಬಿಳಿ ಮರದ ಬುಡದಲ್ಲೇ ಇದೆ ಮಗಾ. ನಮ್ಮಮ್ಮಂದು. ಬಿಟ್ಟುಬಿಡಬೇಡ," ಅಂದಳು.

ನಾಳೆ ಎಂಬುದು ಕಂಪನಿಯ ಬಳಿ ಇರಲಿಲ್ಲ. ಸಮಾಲೋಚನೆಯ ಗಡುವು ಇವತ್ತಿಗೆ ಮುಗಿಯುತ್ತಿತ್ತು, ನಕ್ಷೆ ಸಂಜೆಯೇ ಪರ್ತ್‌ನ ಕಚೇರಿಗೆ ಹೋಗಬೇಕಿತ್ತು. ಕೊನೆಯ ಕಲ್ಲಿನ ಮಾತನ್ನು ಫಿಯೋನಾ ಬರೆದುಕೊಂಡಳು: 'ಬಾಯಿಮಾತು, ಹಿರಿಯರು ಖುದ್ದಾಗಿ ತೋರಿಸಿಲ್ಲ.' ಒಪ್ಪಿಗೆಯ ರುಜು ಹಾಕುವುದಿಲ್ಲವೆಂದಳು ರೋಸ್ಲಿನ್. ನಿಮ್ಮ ರುಜು ಬೇಕಿಲ್ಲ, ನೀವು ಹಾಜರಿದ್ದಿರಿ ಎಂದರೆ ಸಾಕು ಅಂದಳು ಫಿಯೋನಾ. ಅವಳ ದನಿಯಲ್ಲಿ ಬೇಸರವಿತ್ತು, ಪೆನ್ನು ಮಾತ್ರ ನಿಲ್ಲಲಿಲ್ಲ.

ರೋಸ್ಲಿನ್ ಅಳತೆ ಟೇಪು ತೆಗೆದುಕೊಂಡು ಒಬ್ಬಳೇ ಇಳಿಜಾರು ಹತ್ತಿದಳು. ಬೇರೆ ಯಾರೂ ಬರೆಯದಿದ್ದರೂ ಸಂಘದ ಆಕ್ಷೇಪಣೆಯಲ್ಲಿ ಒಂದು ಅಂಕಿಯಾದರೂ ಸರಿಯಾಗಿ ಇರಬೇಕಿತ್ತು. ಮರದ ಬುಡದಲ್ಲಿ ಕೆಲ್ವಿನ್ ಟೋಪಿ ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ, ಎಲೆ ತುಂಬಿದ ಗುಳಿಯ ಚಪ್ಪಟೆ ಕಲ್ಲು.

"ನಾನು ಇದರ ಮೇಲೇ ಕೂತಿದ್ದೆ ಅಕ್ಕಾ," ಅಂದ. "ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತೋ ಅವರು ನನ್ನ ಹತ್ರ ಮಾತಾಡೋ ಹಾಗಿಲ್ಲ."

ಅವಳು ಟೇಪಿನ ತುದಿ ಚಾಚಿದಳು. ಅವನು ಮಂಡಿಯೂರಿ ಎಲೆ ಸರಿಸಿ ಅದನ್ನು ಗುಳಿಯ ಅಂಚಿಗೆ ಒತ್ತಿ ಹಿಡಿದ. ರೋಸ್ಲಿನ್ ಗೂಟದವರೆಗೆ ಇಳಿದು ಟೇಪನ್ನು ಬಿಗಿಯಾಗಿ ಎಳೆದಳು, ಎರಡು ಸಲ ಓದಿದಳು.

ಗೂಟದಿಂದ ಕಲ್ಲಿಗೆ ಅರವತ್ತೆರಡು ಮೀಟರ್ ನಲವತ್ತು ಸೆಂಟಿಮೀಟರ್.