ಏಳನೇ ಲೈನಿನ ನೀರು

ನಮ್ಮ ಏಳನೇ ಲೈನಿನಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಬಾಟಲಿ ಎಲ್ಲರ ಬ್ಯಾಗಿನಲ್ಲೂ ಇರುತ್ತಿತ್ತು. ಬೆಳಿಗ್ಗೆ ತುಂಬಿಸಿಕೊಂಡು ಗಾರ್ಮೆಂಟ್ಸ್ ಬಸ್ಸು ಹತ್ತುವುದು, ಸಂಜೆ ಮನೆಗೆ ಹೋಗಿ ಅದೇ ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯುವುದು. ಕುಡಿದರೆ ಏಳಬೇಕು. ಏಳಬೇಕೆಂದರೆ ಸೂಪರ್‌ವೈಸರ್ ಹನುಮಂತರಾಜು ಅವರ ಮೇಜಿನ ಮೇಲಿರುವ ಪಾಸು ಬೇಕು. ನಲವತ್ತು ಹೆಂಗಸರಿಗೆ ಒಂದೇ ಪಾಸು, ದಾರ ಕಟ್ಟಿದ ಒಂದು ರಟ್ಟಿನ ತುಂಡು. ಒಬ್ಬಳು ಎದ್ದುಹೋದರೆ ಅವಳ ಮುಂದಿನವಳು ಕೈಕಟ್ಟಿ ಕೂರಬೇಕು. ಗಂಟೆಗೊಮ್ಮೆ ಬೋರ್ಡಿನ ಮೇಲೆ ಬರೆಯುವ ಅಂಕಿ ಇಳಿಯುತ್ತದೆ, ಟಾರ್ಗೆಟ್ ಮುಗಿಯುವ ತನಕ ಲೈನನ್ನು ಬಿಡುವುದಿಲ್ಲ. ಹೊರಗೆ ಮಿಡಿಗೇಶಿಯ ಬಸ್ಸು, ಶಿರಾ ಬಸ್ಸು ಕಾಯುತ್ತಾ ನಿಂತಿರುತ್ತವೆ. ಹೊಸದಾಗಿ ಬಂದವಳಿಗೆ ನಾವೇ ಹೇಳಿಕೊಡುತ್ತಿದ್ದೆವು: ಬಾಯಿ ಒಣಗಿದರೆ ಒಂದು ಲವಂಗ ಇಟ್ಟುಕೋ, ಮಧ್ಯಾಹ್ನ ಸಾರು ಕಡಿಮೆ ಹಾಕಿಕೋ.

ತಲೆನೋವು, ಉರಿಮೂತ್ರ, ಮನೆಗೆ ಹೋಗಿ ಮಕ್ಕಳ ಮೇಲೆ ರೇಗುವುದು, ಇವೆಲ್ಲ ಕೆಲಸದ ಜೊತೆಗೇ ಬರುವಂಥವು ಎಂದುಕೊಂಡಿದ್ದೆವು.

ಜೂನ್ ತಿಂಗಳಲ್ಲಿ ಕಂಪನಿಯವರು ಟೆನ್ಷನ್ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಹೇಳಲು ಒಬ್ಬ ಮೇಡಮ್ಮನ್ನು ಕರೆಸಿದರು. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ, ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದು ಆಕೆ ಹೇಳಿ ಹೋದರು. ಶಿರಾದಿಂದ ಬರುವ ಮೆಹರುನ್ನಿಸಾ ನನ್ನ ಕಿವಿಯಲ್ಲಿ, "ನಾಲ್ಕು ಹೆಜ್ಜೆ ಅಂದ್ರಲ್ಲ ಅಕ್ಕಾ, ಸಂಡಾಸ್ ಮೂವತ್ತು ಹೆಜ್ಜೆ ಐತೆ. ಮಿಕ್ಕಿದ್ದು ನಡ್ಯಕ್ಕೆ ಅವರೇ ಬರ್ತಾರಾ?" ಎಂದಳು. ಅಕ್ಕಪಕ್ಕದವರೆಲ್ಲ ನಕ್ಕರು. ಯಶೋದ ಮಾತ್ರ ನಗಲಿಲ್ಲ.

ಯಶೋದ ದೊಡ್ಡೇರಿ ಪಕ್ಕದ ಹಳ್ಳಿಯವಳು. ಅಂಗಿಗೆ ಕಾಲರ್ ಕೂರಿಸುವ ಮಿಷಿನ್ನು ಅವಳದು. ಆಗ ಅವಳಿಗೆ ಐದು ತಿಂಗಳು. ಇದಕ್ಕೆ ಮುಂಚೆ ಎರಡು ಸಲ ನಿಂತು ಹೋಗಿಬಿಟ್ಟಿತ್ತು. ಹಿಂದಿನ ದಿನವಷ್ಟೇ ಡಾಕ್ಟರು ಅವಳ ರಿಪೋರ್ಟ್ ನೋಡಿ, ಸೋಂಕು ಆಗಿದೆ, ಹೀಗೇ ನೀರು ಕುಡಿಯದೆ ಇದ್ದರೆ ಕಿಡ್ನಿಗೆ ಏರುತ್ತದೆ, ಈ ಮಗುವೂ ನಿಲ್ಲುವುದಿಲ್ಲ ಎಂದಿದ್ದರು. ಮಾತ್ರೆ ನಾನು ಕೊಡಬಹುದು, ನೀರು ನೀನೇ ಕುಡಿಯಬೇಕು ಎಂದೂ ಹೇಳಿದ್ದರು. ಮೇಡಮ್ಮು ಬಂದುಹೋದ ಸಂಜೆ ಬಸ್ಸಿನಲ್ಲಿ ಇದನ್ನೆಲ್ಲ ನನಗೆ ಹೇಳಿ, "ಕೆಲ್ಸ ಬುಡಕ್ಕಾಗಲ್ಲ ನಾಗಕ್ಕಾ. ಇದನ್ನ ಉಳಿಸ್ಕಬೇಕು. ದಿನಕ್ಕೆ ಆರು ಸತಿ ಎದ್ರೆ ನೀವೆಲ್ಲ ನನ್ನ ಬೈಕಬ್ಯಾಡಿ, ಅಷ್ಟೇ," ಎಂದಳು.

ನಾನು ಲೈನಿನ ಕೊನೆಯಲ್ಲಿ ನಿಂತು ದಾರ ಕತ್ತರಿಸುವವಳು. ಎಲ್ಲರಿಗಿಂತ ದೊಡ್ಡವಳು, ನನ್ನ ಮಾತಿಗೆ ಸ್ವಲ್ಪ ಬೆಲೆ ಇತ್ತು. ಮಾರನೆಯ ದಿನ ಎಲ್ಲರಿಗೂ ತಿಳಿಸಿದೆ. ಯಾರೂ ಗೊಣಗಲಿಲ್ಲ. ಮೆಹರುನ್ನಿಸಾಳೇ ಉಪಾಯ ಹುಡುಕಿದಳು. ಊಟಕ್ಕೆ ಅರ್ಧ ಗಂಟೆ ಬಿಡುತ್ತಾರಲ್ಲ, ಹತ್ತು ನಿಮಿಷದಲ್ಲಿ ಉಂಡು, ಮಿಕ್ಕ ಹೊತ್ತಿನಲ್ಲಿ ಅವಳೂ ಪಕ್ಕದ ಮಿಷಿನ್ನಿನ ವನಜಾಕ್ಷಿಯೂ ಇಪ್ಪತ್ತು ಅಂಗಿಗೆ ಕಾಲರ್ ಕೂರಿಸಿ ಯಶೋದಳ ಮಿಷಿನ್ನಿನ ಕೆಳಗೆ ಇಡುವುದು. ಅವಳು ಎದ್ದುಹೋದಾಗೆಲ್ಲ ಅದರಲ್ಲಿ ಒಂದೊಂದನ್ನೇ ಮುಂದಕ್ಕೆ ತಳ್ಳುವುದು. ಬೋರ್ಡಿನ ಅಂಕಿಯೂ ಇಳಿಯುವುದಿಲ್ಲ, ಸೂಪರ್‌ವೈಸರಿಗೂ ಗೊತ್ತಾಗುವುದಿಲ್ಲ.

ಯಶೋದ ಕುಡಿಯತೊಡಗಿದಳು. ಒಂದು ಕಟ್ಟು ಮುಗಿದರೆ ನಾಲ್ಕು ಗುಟುಕು. ವಾರದೊಳಗೆ ಉರಿ ನಿಂತಿತು, ತಲೆನೋವು ಹೋಯಿತು, ಮುಖಕ್ಕೆ ಬಣ್ಣ ಬಂತು. ಎಂಟು ದಿನದಿಂದ ಮನೆಯಲ್ಲಿ ಒಂದು ಸಲವೂ ಕೂಗಾಡಿಲ್ಲವೆಂದು ಅವಳೇ ಹೇಳಿಕೊಂಡಳು. "ನಮ್ಮತ್ತೆ ಹೆದರ್ಕಂಡವ್ರೆ ಕಣಕ್ಕಾ, ಇವಳ್ಗೆ ಏನಾಗೈತೆ ಅಂತ." ಅವಳನ್ನು ನೋಡಿ ವನಜಾಕ್ಷಿಯೂ ಕದ್ದು ಒಂದೊಂದು ಗುಟುಕು ಕುಡಿಯುವುದನ್ನು ಕಲಿತಳು.

ನಾವು ತಪ್ಪಿದ್ದು ಅಲ್ಲಿಂದ ಮುಂದೆ. ಸಹಾಯ ಮಾಡುವ ಕೈ ಇಪ್ಪತ್ತಕ್ಕೆ ನಿಲ್ಲಲಿಲ್ಲ. ಬೇಕಾದೀತು ಎಂದು ಮೆಹರುನ್ನಿಸಾ ಮೂವತ್ತು ಹೊಲಿದಳು. ಮೈ ಹಗುರಾದ ಮೇಲೆ ಯಶೋದಳ ಕೈಯೂ ಚುರುಕಾಯಿತು. ಮಿಕ್ಕಿದ್ದನ್ನು ನಾಳೆಗೆ ಬಚ್ಚಿಡಬೇಕಿತ್ತು. ನಾವು ಬೇಗ ಬಸ್ಸು ಹತ್ತುವ ಆಸೆಗೆ ಸಂಜೆ ಎಲ್ಲವನ್ನೂ ಒಟ್ಟಿಗೆ ತಳ್ಳಿಬಿಡುತ್ತಿದ್ದೆವು. ಅಂಕಿ ಏರಿತು. ಮೂರನೇ ವಾರ ಆಫೀಸಿನಿಂದ ಗಡಿಯಾರ ಹಿಡಿದ ಒಬ್ಬರು ಬಂದು ಯಶೋದಳ ಹಿಂದೆ ನಿಂತು ಏನೋ ಬರೆದುಕೊಂಡು ಹೋದರು. ಸೋಮವಾರ ನೋಡಿದರೆ, ಗಂಟೆಗೆ ತೊಂಬತ್ತು ಇದ್ದ ಟಾರ್ಗೆಟ್ ನೂರ ಐದು ಆಗಿತ್ತು.

ಹನುಮಂತರಾಜು ಕೆಟ್ಟವರಲ್ಲ. ಅವರೂ ನೀರಿಲ್ಲದೆ ಬಿ.ಪಿ. ಮಾತ್ರೆ ನುಂಗುವುದನ್ನು ನಾನು ಕಂಡಿದ್ದೇನೆ. ಇದು ಹೆಂಗಾಯಿತು ಸಾರ್ ಎಂದು ಕೇಳಿದ್ದಕ್ಕೆ, "ಮೇಲಿಂದ ಬಂದಿರೋದು ಕಣಮ್ಮಾ. ಆಯ್ತದೆ ಅಂತ ನೀವೇ ತೋರ್ಸಿದ್ರಲ್ಲ," ಎಂದರು.

ಆಮೇಲೆ ಊಟದ ಹೊತ್ತು ಯಾರಿಗೂ ಉಳಿಯಲಿಲ್ಲ. ವನಜಾಕ್ಷಿ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುವ ದಿನಗಳು ಬಂದವು. ಮೆಹರುನ್ನಿಸಾ ಒಂದು ತುತ್ತು ಬಾಯಿಗಿಟ್ಟುಕೊಂಡು ಮಿಷಿನ್ ತುಳಿಯುತ್ತಿದ್ದಳು. ಯಶೋದಳಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಒಂದು ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಅವಳು ಬಾಟಲಿಯ ನೀರನ್ನು ಸುರಿಯುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಹಳೆಯ ನೀರು ಚೆಲ್ಲಿ ಹೊಸದು ಹಿಡಿಯುತ್ತಾಳೆ ಎಂದುಕೊಂಡು ಮುಂದೆ ಹೋದೆ. ಸಂಜೆ ಬಾಟಲಿ ಖಾಲಿ ಇರುತ್ತಿತ್ತು, ನಮಗೆ ಅಷ್ಟೇ ಸಾಕಾಗಿತ್ತು. ಆರು ಸಲ ಏಳುತ್ತಿದ್ದವಳು ಮೂರು ಸಲ ಎದ್ದಳು, ಆಮೇಲೆ ಒಂದೇ ಸಲ. ಅದನ್ನೂ ನೋಡಿದೆ. ಮಾತ್ರೆ ಹಿಡಿದಿರಬೇಕು, ಗುಣವಾಗಿದೆ ಎಂದುಕೊಂಡೆ. ದಿನಕ್ಕೆ ಸಾವಿರ ಅಂಗಿಯಲ್ಲಿ ಎಲ್ಲಿ ಒಂದು ಎಳೆ ಉಳಿದಿದೆ ಎಂದು ಹುಡುಕುವುದೇ ನನ್ನ ಕೆಲಸ. ಅವಳನ್ನು ಮಾತ್ರ ಕೇಳಲಿಲ್ಲ.

ಆಗಸ್ಟ್ ತಿಂಗಳ ಒಂದು ಗುರುವಾರ, ಮೂರು ಗಂಟೆಗೆ, ಯಶೋದ ಮಿಷಿನ್ನಿನ ಮೇಲೆ ಹಣೆ ಇಟ್ಟಳು. ಮುಟ್ಟಿದರೆ ಕೈ ಸುಡುವಂಥ ಜ್ವರ, ಹಲ್ಲು ಕಟಕಟ ಎನ್ನುತ್ತಿತ್ತು. ಹನುಮಂತರಾಜುವೇ ಓಡಿಹೋಗಿ ಆಟೋ ತಂದರು. ನಾನೂ ಮೆಹರುನ್ನಿಸಾಳೂ ಹಿಡಿದುಕೊಂಡು ಮಧುಗಿರಿಯ ಆಸ್ಪತ್ರೆಗೆ ಕರೆದೊಯ್ದೆವು. ಮಾರನೆಯ ಬೆಳಿಗ್ಗೆ ಹೆರಿಗೆ ಆಯಿತು. ಮಗು ಅಳಲಿಲ್ಲ.

ಭಾನುವಾರ ನೋಡಲು ಹೋದೆ. ಅವಳ ಗಂಡ ಮುತ್ತುರಾಜ್ ವಾರ್ಡಿನ ಬಾಗಿಲಲ್ಲಿ ಎಳನೀರು ಹಿಡಿದುಕೊಂಡು ನಿಂತಿದ್ದ, ಒಳಗೆ ಬರಲಿಲ್ಲ. ಯಶೋದ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಕೂತೆ. ನೀರು ಯಾಕೆ ಚೆಲ್ಲಿದೆ ಎಂದು ಕೇಳಿದೆ.

"ಮೆಹರು ಅನ್ನ ಉಣ್ಣದೆ ಹೊಲೀತಿದ್ಲು ನಾಗಕ್ಕಾ, ನನ್ನೆದುರ್ಗೇ. ಅದನ್ನ ನೋಡ್ಕಂಡು ಗಂಟ್ಲಲ್ಲಿ ನೀರು ಹೆಂಗೆ ಇಳೀತದೆ?"

ಇದನ್ನು ಮೆಹರುವಿಗೆ ಹೇಳಬೇಡ ಎಂದು ಕೈ ಹಿಡಿದು ಕೇಳಿಕೊಂಡಳು. ನಾನು ಅವಳ ಹೊದಿಕೆ ಸರಿಮಾಡಿ ಎದ್ದುಬಂದೆ.

ಮೂರು ದಿನ ಸುಮ್ಮನಿದ್ದೆ. ಯಶೋದಳ ಜಾಗಕ್ಕೆ ಪ್ರಿಯಾಂಕ ಎಂಬ ಹೊಸ ಹುಡುಗಿ ಬಂದಿದ್ದಳು, ಕೈ ಇನ್ನೂ ನಿಧಾನ. ನಾಲ್ಕನೇ ದಿನ ನೋಡುತ್ತೇನೆ, ಮೆಹರುನ್ನಿಸಾ ಊಟ ಬಿಟ್ಟು ಅವಳಿಗಾಗಿ ಕಾಲರ್ ಕೂರಿಸುತ್ತಿದ್ದಾಳೆ. ಆಗ ತಡೆಯಲಾಗಲಿಲ್ಲ, ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ನಾವೇ ಅಲ್ವಾ ಅಕ್ಕಾ, ಮಾಡಿದ್ದು?"

ನಾವು ಮಾತ್ರ ಅಲ್ಲ ಎಂದೆ. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಮಾರನೆಯ ದಿನ ಊಟದ ಬೆಲ್ಲು ಹೊಡೆದಾಗ ಮೆಹರುನ್ನಿಸಾ ನಿಧಾನವಾಗಿ ಉಂಡಳು. ಡಬ್ಬಿ ತೊಳೆದು ತಂದು ಜಾಗದಲ್ಲಿ ಕೂತಳು, ಮಿಷಿನ್ ಮುಟ್ಟಲಿಲ್ಲ. ಹನುಮಂತರಾಜು ಬಂದು ಮಿಷಿನ್ ಕೆಟ್ಟಿದೆಯಾ ಎಂದು ವಿಚಾರಿಸಿದರು.

"ಇಲ್ಲ ಸಾರ್. ಊಟದ ಟೈಮು," ಎಂದಳು.

ಅವಳ ಮುಂದೆ ತೊಳೆದ ಡಬ್ಬಿ ಇತ್ತು. ಅವರು ಅದನ್ನು ನೋಡಿದರು, ಅವಳ ಮುಖ ನೋಡಿದರು. ಅಷ್ಟರಲ್ಲಿ ವನಜಾಕ್ಷಿ ಪೆಡಲಿನ ಮೇಲಿಂದ ಕಾಲು ತೆಗೆದಳು. ಅವಳ ಹಿಂದಿನವಳೂ ತೆಗೆದಳು. ಪ್ರಿಯಾಂಕಳಿಗೆ ಏನೂ ಅರ್ಥವಾಗಲಿಲ್ಲ, ಅವಳೂ ನಿಲ್ಲಿಸಿದಳು.

ಅಂದು ನಮ್ಮನ್ನು ಒಂದೂಕಾಲು ಗಂಟೆ ತಡವಾಗಿ ಬಿಟ್ಟರು. ಬಸ್ಸಿನ ಡ್ರೈವರ್ ಬೈದ. ಶಿರಾ ಕಡೆಯವರು ಇಳಿಯುವಷ್ಟರಲ್ಲಿ ಕತ್ತಲಾಗಿತ್ತು, ಮನೆಗಳಲ್ಲೂ ಬೈಸಿಕೊಂಡರು. ಮಾರನೆಯ ದಿನವೂ ಹಾಗೇ ಆಯಿತು. ಬೋರ್ಡಿನ ಮೇಲಿನ ನೂರ ಐದು ಇಳಿದಿಲ್ಲ. ಹೊಸ ತಿಂಗಳಿಗೆ ನಮ್ಮಲ್ಲಿ ಕೆಲವರನ್ನು ಬೇರೆ ಲೈನಿಗೆ ಹಾಕುತ್ತಾರಂತೆ, ಮೆಹರುನ್ನಿಸಾಳ ಹೆಸರು ಅದರಲ್ಲಿ ಮೊದಲು ಇದೆಯಂತೆ. ಯಶೋದ ಮತ್ತೆ ಬರುತ್ತಾಳೋ ಇಲ್ಲವೋ ಯಾರಿಗೂ ತಿಳಿಯದು.

ಊಟ ಮುಗಿದ ಮೇಲೆ ಈಗ ಮೆಹರುನ್ನಿಸಾಳ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ಅವಳು ಸುಮ್ಮನೆ ಕೂತಿದ್ದರೂ ಬೆರಳುಗಳು ಸುಮ್ಮನಿರುವುದಿಲ್ಲ, ಮಡಿಲಲ್ಲಿ ಇಲ್ಲದ ಕಾಲರನ್ನು ಮಡಿಸುತ್ತಲೇ ಇರುತ್ತವೆ. ಅವುಗಳ ಮೇಲೆ ನನ್ನ ಕೈ ಇಟ್ಟು, ಬೆಲ್ಲು ಹೊಡೆಯುವ ತನಕ ಒತ್ತಿ ಹಿಡಿದುಕೊಂಡಿರುತ್ತೇನೆ.